ಹೆಸರಿಲ್ಲದವರ ಎಲೆ

ಹಸಿವಾದರೆ ಕಾಗೆ ಬರುತ್ತದೆ, ಹೊಟ್ಟೆ ತುಂಬಿದ್ದರೆ ಬರುವುದಿಲ್ಲ, ಸತ್ತವರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ವಾದಿಸುತ್ತಿದ್ದವಳು ನಾನು. ನೀವೂ ಹಾಗೆಯೇ ಅಂದುಕೊಂಡವರಾದರೆ ನನ್ನ ತಕರಾರಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಧಾರೇಶ್ವರದ ನಮ್ಮ ಮನೆಯಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆ, ಇದ್ದಳು. ತರಕಾರಿ ಬೆಳೆದು ಕುಮಟೆ ಸಂತೆಗೆ ಹೊತ್ತು ಹೋಗುತ್ತಿದ್ದ ಗಟ್ಟಿ ಹೆಂಗಸು. ಸುನಾಮಿ ಬಂದಾಗ ತಮಿಳುನಾಡಿನ ಕಡಲತೀರದಲ್ಲಿ ಗುರುತು ಹಿಡಿಯುವವರಿಲ್ಲದ ಹೆಣಗಳನ್ನು ಸಾಲಾಗಿ ಹೂಳುವುದನ್ನು ಟಿ.ವಿ.ಯಲ್ಲಿ ನೋಡಿ ಎದ್ದು ಹೋದಳು. ಮುಂದಿನ ಮಹಾಲಯ ಅಮಾವಾಸ್ಯೆಗೆ ನಮ್ಮ ಹಿರಿಯರ ಎಡೆಯ ಪಕ್ಕ ಇನ್ನೊಂದು ಬಾಳೆಎಲೆ ಹಾಕಿದಳು.

“ಇದು ಯಾರಿಗೆ ಅತ್ತೆ?” ಎಂದೆ.

“ನಮ್ಗೆ ಮೀನು ಕೊಡೂ ಸಮುದ್ರವೇ ಅಲ್ವ ಅವ್ರನ್ನ ತಕಂಡು ಹೋದದ್ದು? ಅವ್ರಿಗೆ ಬಡಿಸೋರು ಯಾರಿದ್ರು?”

ಅಂದಿನಿಂದ ಪ್ರತಿ ವರ್ಷ ಆ ಎಲೆಯನ್ನು ಕಾಗೆ ಮುಟ್ಟಿದ ಮೇಲೇ ಅವಳ ಊಟ. ನಾನು ನಗುತ್ತಿದ್ದೆ, ಅವಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಐದಾರು ವರ್ಷಗಳ ಹಿಂದಿನ ಅಮಾವಾಸ್ಯೆಯಂದು ಕಾಗೆ ಆ ಎಲೆಗೆ ಬರಲಿಲ್ಲ. ಹಿರಿಯರ ಎಡೆ ಖಾಲಿಯಾಯಿತು, ಪಕ್ಕದ್ದು ಹಾಗೇ ಉಳಿಯಿತು. ಒಣಮೀನು ಹಾಕಿದರೆ ನಮ್ಮ ಕೈಯಿಂದಲೇ ಕಿತ್ತುಕೊಳ್ಳುವ ಕಾಗೆಗಳು ತೆಂಗಿನ ಗರಿಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದವು. ಸತ್ತವರ ಆಸೆ ಏನಾದರೂ ಬಾಕಿ ಇದ್ದರೆ ಕಾಗೆ ಮುಟ್ಟುವುದಿಲ್ಲ ಎನ್ನುತ್ತಾರಲ್ಲ, ಅತ್ತೆ ಅದನ್ನೇ ಹುಡುಕತೊಡಗಿದಳು. ಬಂಗುಡೆ ಮೀನಿನ ಸಾರು ಬಡಿಸಿದಳು. ಪಾಯಸ ಬಡಿಸಿದಳು. ಕೊನೆಗೆ, “ಆ ಬದಿಯವ್ರಿಗೆ ಇಡ್ಲಿ ಬೇಕೇನೋ ಮಗಾ,” ಎಂದಳು. ಹೊನ್ನಾವರದಲ್ಲಿ ಔಷಧಿ ಅಂಗಡಿ ಇಟ್ಟ ನಾನು, ಸತ್ತವರಿಗೆಂದು ಸ್ಕೂಟರಿನಲ್ಲಿ ಹೋಗಿ ಹೆದ್ದಾರಿಯ ಹೋಟೆಲಿನಿಂದ ಎರಡು ಇಡ್ಲಿ ತಂದೆ. ಕಾಗೆ ಅದನ್ನೂ ಮುಟ್ಟಲಿಲ್ಲ.

ಅಷ್ಟರಲ್ಲಿ ಮೂರು ಗಂಟೆ. ಅತ್ತೆ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದಳು, ಹೊಟ್ಟೆಗೆ ಏನೂ ಇಲ್ಲ. ಕೈ ನಡುಗುತ್ತಿತ್ತು, ಹಣೆಯಲ್ಲಿ ಬೆವರು. ಅದು ರಕ್ತದಲ್ಲಿ ಸಕ್ಕರೆ ಇಳಿದಾಗಿನ ಬೆವರು ಎಂದು ನನಗೆ ಗೊತ್ತು. ಸಕ್ಕರೆ ಕದಡಿದ ನೀರು ಹಿಡಿದು ನಿಂತರೂ ಅವಳು ಬಾಯಿ ತೆರೆಯಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಹೇಗಾದರೂ ಅವಳು ಕುಡಿದರೆ ಸಾಕೆಂದು ತೆಂಗಿನ ಮರದ ಕಡೆ ತಿರುಗಿ, “ಇನ್ಮೇಲೆ ನಾ ಬಡಿಸ್ತೆ. ಅತ್ತೆ ಇರ್ಲಿ, ಇಲ್ದೆ ಇರ್ಲಿ, ವರ್ಷಾ ವರ್ಷಾ ಬಡಿಸ್ತೆ,” ಎಂದೆ. ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ.

ಮಾತು ಮುಗಿಯುವ ಮೊದಲೇ ಒಂದು ಕಾಗೆ ಇಳಿದು ಬಂತು. ನಾನು ತಂದ ಇಡ್ಲಿಯನ್ನು ಬದಿಗೆ ತಳ್ಳಿ ಅನ್ನಕ್ಕೆ ಬಾಯಿ ಹಾಕಿತು.

ಅತ್ತೆ ಸಕ್ಕರೆ ನೀರು ಕುಡಿದು, ಸ್ವಲ್ಪ ಹೊತ್ತಿನ ಮೇಲೆ ಹೊಟ್ಟೆ ತುಂಬ ಉಂಡಳು. ಕೈ ತೊಳೆಯುತ್ತ, “ನೀ ಸುಳ್ ಹೇಳಿದ್ದು ನಂಗೆ ಗೊತ್ತು. ಆತು, ಅವ್ರು ನಂಬಿದ್ರಲ್ಲ,” ಎಂದಳು. ನಾಚಿಕೆಯಿಂದ ನಾನು ಎಲೆ ಎತ್ತುವ ನೆಪದಲ್ಲಿ ಹೊರಗೆ ಹೋದೆ.

ಅತ್ತೆ ಈಗಿಲ್ಲ. ಅವಳ ವರ್ಷಾಂತಿಕ ಮುಗಿದ ಮೇಲಿನ ಅಮಾವಾಸ್ಯೆಗೆ ನಾನೇ ಬಡಿಸಿದೆ. ಹಿರಿಯರ ಎಡೆ ಬೇರೆ ಇಟ್ಟು, ಅತ್ತೆಗೊಂದು, ಅವರಿಗೊಂದು ಎಂದು ಎರಡು ಎಲೆ ಹಾಕಿದೆ. ಅತ್ತೆಯದು ಮರಕ್ಕೆ ಹತ್ತಿರವಿತ್ತು, ಅವಳಿಗೆ ಇಷ್ಟದ ಬಂಗುಡೆಯೂ ಅದರಲ್ಲೇ ಹೆಚ್ಚಿತ್ತು. ಕೂಡಲೇ ಕಾಗೆ ಬಂತು. ಅತ್ತೆಯ ಎಲೆಯ ಪಕ್ಕದಲ್ಲೇ ಇಳಿಯಿತು, ಅದನ್ನು ಸುತ್ತಿ ಆಚೆಯ ಎಲೆಗೆ ಹೋಯಿತು. ಅಲ್ಲಿಯ ಅನ್ನ ಪೂರ್ತಿ ಮುಗಿಯುವವರೆಗೂ ಅತ್ತೆಯ ಎಲೆಗೆ ಕೊಕ್ಕು ಹಾಕಲಿಲ್ಲ.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ದಿನ ನಾನು ಕಾಗೆಗೆ ಕಾಯದೆ, ಎಲೆ ಹಾಕುವ ಮೊದಲೇ ಉಂಡು ಮುಗಿಸಿದ್ದೆ. ಈಗ ಹಾಗೆ ಮಾಡುವುದಿಲ್ಲ.