ಉಪ್ಪಿಲ್ಲದ ಲೆಚೋನ್

ನನ್ನ ಕೈರುಚಿಯನ್ನು ಯಾರಾದರೂ ಹೊಗಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಆ ಹೊಗಳಿಕೆಯ ಆಸೆಗೆ ಬಿದ್ದೇ ತಾನೆ ನಾನು ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದು!

ಅಪ್ಪ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ತೊಂಬತ್ತರ ದಶಕದ ಕೊನೆಗೆ ಕೆಲಸ ಬಿಟ್ಟು ಮರ್ಫಿ ಟೌನಿನ ನಮ್ಮ ಎರಡು ಕೋಣೆಯ ಮನೆಗೆ ಬಂದಾಗ ಟ್ರಂಕಿನ ಜೊತೆ ಒಂದು ತಿನಿಸನ್ನೂ ತಂದರು. ಫಿಲಿಪ್ಪೀನ್ಸಿನ ಜೊತೆಗಾರನೊಬ್ಬ ಕಲಿಸಿದ ಲೆಚೋನ್ ಕವಾಲಿ. ಹಂದಿಯ ಹೊಟ್ಟೆಯ ಮಾಂಸವನ್ನು ಚರ್ಮದ ಸಮೇತ ಉಪ್ಪುನೀರಿನಲ್ಲಿ ಬೇಯಿಸಿ, ಚರ್ಮಕ್ಕೆ ಮತ್ತೆ ಉಪ್ಪು ತಿಕ್ಕಿ ಒಣಗಿಸಿ, ಕಾದ ಎಣ್ಣೆಗೆ ಬಿಡಬೇಕು. ಚರ್ಮ ಹಪ್ಪಳದ ಹಾಗೆ ಉಬ್ಬಬೇಕು. ಕವಾಲಿ ಅಂದರೆ ಅವರಲ್ಲಿ ಬಾಣಲೆಯಂತೆ. "ನಮ್ಮ ಕಾವಲೀನೇ ಕಣೆ, ಹಡಗು ಹತ್ತಿ ಹೋಗ್ಬಿಟ್ಟಿದೆ," ಎಂದು ಅಪ್ಪ ನಗುತ್ತಿದ್ದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಅಪ್ಪನ ಹೃದಯ ಸೋತಿತು. ಕಾಲಿಗೆ ನೀರು ತುಂಬತೊಡಗಿತು. ಭಾನುವಾರ ಎರಡು ತುಂಡು ಮಾಂಸ ತಿಂದರೂ ಪರವಾಗಿಲ್ಲ, ಉಪ್ಪು ಮಾತ್ರ ಬೇಡವೇ ಬೇಡ ಎಂದರು ಡಾಕ್ಟರು. ಅಮ್ಮ ಉಪ್ಪಿನ ಡಬ್ಬಿಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದಳು. ಅಪ್ಪ ತಟ್ಟೆ ಸರಿಸುತ್ತಿದ್ದರು. "ಉಪ್ಪಿಗಿಂತ ರುಚಿಯಿಲ್ಲ ಅಂತ ಸುಮ್ನೆ ಗಾದೆ ಮಾಡವ್ರಾ?" ಎಂದು ಗೊಣಗುತ್ತಿದ್ದರು. ದಿನೇ ದಿನೇ ಸೊರಗಿದರು.

ನನಗೋ ಜಂಭ. "ಇರಿ, ಉಪ್ಪಿಲ್ದೇನೇ ನಿಮ್ಮ ಲೆಚೋನ್ ಮಾಡಿ ತೋರಿಸ್ತೀನಿ," ಎಂದೆ. ಹಲಸೂರು ಮಾರ್ಕೆಟ್ಟಿನಿಂದ ಮಾಂಸ ತಂದು, ಬರೀ ಬೆಳ್ಳುಳ್ಳಿ, ಮೆಣಸು, ಪಲಾವ್ ಎಲೆ ಹಾಕಿ ಬೇಯಿಸಿ ಕರಿದೆ. ಚರ್ಮ ಹಳೇ ಚಪ್ಪಲಿಯಂತಾಯಿತು. ಅಪ್ಪ ಅಗಿದರು, ಅಗಿದರು, ಕೊನೆಗೆ ನನಗೆ ಕಾಣದ ಹಾಗೆ ತಟ್ಟೆಯ ಅಂಚಿಗಿಟ್ಟರು. ನನಗೆ ಕಂಡಿತು.

ಮುಂದಿನ ಭಾನುವಾರ ಬೋಂಡದ ಹಿಟ್ಟು ನೆನಪಾಯಿತು. ಚಿಟಿಕೆ ಅಡುಗೆ ಸೋಡಾ ಬಿದ್ದರೆ ಎಷ್ಟು ಗರಿಗರಿ! ಇಲ್ಲಿ ಚಿಟಿಕೆ ಸಾಲದೆಂದು ಬೇಯುವ ನೀರಿಗೂ ಹಾಕಿದೆ, ಚರ್ಮಕ್ಕೂ ಹಿಡಿಯಷ್ಟು ತಿಕ್ಕಿದೆ. ವಾಸನೆ ಬಾರದಿರಲೆಂದು ಮೇಲೆ ನಿಂಬೆಹಣ್ಣು ಹಿಂಡಿದೆ. ಚರ್ಮ ಪಟಪಟ ಸಿಡಿದು ಉಬ್ಬಿತು. ಅಪ್ಪ ಕಣ್ಣು ಮುಚ್ಚಿ ಅಗಿದು, "ಅಬ್ಬಬ್ಬಾ! ನನ್ನನ್ನೇ ಮೀರಿಸ್ಬಿಟ್ಟೆ ಕಣೆ," ಎಂದರು. ಎಷ್ಟು ಕೇಳಿದರೂ ಗುಟ್ಟು ಬಿಡಲಿಲ್ಲ ನಾನು. ಡಾಕ್ಟರು ಎರಡೇ ಎಂದಲ್ಲಿ ನಾಲ್ಕು ಬಡಿಸಿದೆ. ನಾಲ್ಕು ಭಾನುವಾರ ಹೀಗೇ ನಡೆಯಿತು.

ಐದನೆಯ ವಾರ ಅಪ್ಪನ ಪಾದ ಚಪ್ಪಲಿಗೆ ಹೋಗಲಿಲ್ಲ. ಕೂತಲ್ಲೇ ಏದುಸಿರು. ಮೊದಲು ಬಾಯಿ ಮಾಡಿದವಳು ನಾನೇ. "ಉಪ್ಪಿನಕಾಯಿ ಕದ್ದು ತಿಂದಿದ್ದೀರಿ ಅಲ್ವಾ? ನಾನಿಲ್ಲಿ ಉಪ್ಪಿಲ್ದೆ ಒದ್ದಾಡ್ತಾ ಇದ್ರೆ!" ಎಂದು ಕೂಗಾಡಿ, ಥೂ, ಅವರ ಅಂಗಿಯ ಜೇಬನ್ನೂ ತಡಕಿದೆ. "ಇಲ್ಲಮ್ಮ, ನಾಲಿಗೆಗೂ ತಾಗ್ಸಿಲ್ಲ," ಎಂದರು ಅಪ್ಪ. ನಾನು ನಂಬಲಿಲ್ಲ.

ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ನಾನೂ ಅಮ್ಮನೂ ನಿಂತಿದ್ದಾಗ ಡಾಕ್ಟರು ವಿಚಾರಿಸಿದರು. "ಉಪ್ಪಿನಕಾಯಿ, ಹಪ್ಪಳ ಏನಾದ್ರೂ ತಿಂದ್ರಾ? ಸೋಡಾ ಹಾಕಿದ ತಿಂಡಿ? ಸೋಡಾದಲ್ಲೂ ಸೋಡಿಯಂ ಇರುತ್ತೆ ರೀ, ಇವರಿಗೆ ಅದೂ ಉಪ್ಪಿನಷ್ಟೇ ಕೆಟ್ಟದ್ದು."

ಅಪ್ಪ ನನ್ನ ಮುಖ ನೋಡಿದರು. ಮೂವತ್ತು ವರ್ಷ ಅಡುಗೆ ಮಾಡಿದವರು; ಚರ್ಮ ಹೇಗೆ ಉಬ್ಬಿತೆಂದು ಆ ಕ್ಷಣ ಅವರಿಗೆ ತಿಳಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ, "ಉಪ್ಪಿನಕಾಯಿ ಸಾರ್. ಪಕ್ಕದ್ಮನೇಲಿ ಇಸ್ಕೊಂಡು ತಿಂದ್ಬಿಟ್ಟೆ," ಎಂದರು.

ಅಮ್ಮ ಅಳುತ್ತಲೇ ಸಿಡಿದಳು. ಅಪ್ಪನ ಕೈ ಹಿಡಿದೆಳೆದು ನನ್ನ ತಲೆಯ ಮೇಲಿಟ್ಟಳು. "ಮಗಳ ತಲೆ ಮುಟ್ಟಿ ಆಣೆ ಮಾಡಿ, ಇನ್ಮೇಲೆ ಕದ್ದು ತಿನ್ನಲ್ಲ ಅಂತ. ತಪ್ಪಿದ್ರೆ ಅವಳಿಗೇ ತಟ್ಟುತ್ತೆ."

ಊದಿದ ಕೈ, ಭಾರವಾಗಿತ್ತು. "ಆಣೆಗೂ ಇನ್ಮೇಲೆ ಕದ್ದು ತಿನ್ನಲ್ಲ," ಎಂದರು ಅಪ್ಪ. ಕದ್ದೇ ಇರದ ಮನುಷ್ಯ. 'ಅಮ್ಮ, ನಾನೇ' ಎಂದಿದ್ದರೆ ಸಾಕಿತ್ತು. ನನ್ನ ಹಾಳು ಬಾಯಿಗೆ ಏನು ಬಂದಿತ್ತೋ, ತಲೆ ತಗ್ಗಿಸಿ ನಿಂತೆ.

ಮುಂದೆ ಎರಡು ವರ್ಷ ಬದುಕಿದ್ದರು ಅಪ್ಪ. ಒಮ್ಮೆಯೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅಮ್ಮ ಮಾತ್ರ ಇವತ್ತಿಗೂ ಮನೆಗೆ ಬಂದವರೆದುರು, "ನಮ್ಮೆಜಮಾನ್ರು ಉಪ್ಪಿನಕಾಯಿ ಕಳ್ಳ," ಎಂದು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ನಾನು ಎದ್ದು ಕಾಫಿ ಮಾಡಲು ಒಳಗೆ ಹೋಗುತ್ತೇನೆ.