ಮೊದಲು ಕಾಲು ತೊಳೆಯಲಿ

ನಮ್ಮ ಸಂಸ್ಥೆಯ ಕಂಪ್ಯೂಟರ್ ವಿಭಾಗದ ಇಂದುಶೇಖರ ಮೈಸೂರಿನವರು. ದೆಹಲಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ದ್ವಾರಕಾದ ಫ್ಲ್ಯಾಟಿನ ಬಾಗಿಲಲ್ಲಿ ಒಂದು ಬಕೆಟ್ ನೀರು ಇಟ್ಟಿರುತ್ತಾರೆ. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಸೊಸೈಟಿಯವರು ಗೊಣಗುತ್ತಾರೆ, ಇವರು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹೊಸ ಕಂಪ್ಯೂಟರುಗಳಿಗೂ ಅವರದು ಅದೇ ಕಟ್ಟಳೆ. ಆಪರೇಟಿಂಗ್ ಸಿಸ್ಟಂ ತಾನಾಗಿಯೇ ಕೂರುತ್ತಿರುವಾಗಲೇ ವೈರಸ್ ನುಗ್ಗುವ ದಾರಿ ಮುಚ್ಚುವ ಪ್ಯಾಚುಗಳೂ ಸೇರಿ ಕೂರಬೇಕು. ಆಮೇಲೆಯೇ ಯಂತ್ರ ನಮ್ಮ ಕೈಗೆ. ಈ ಮಡಿವಂತಿಕೆ ಕಂಡರೆ ನನಗೆ ರೇಗುತ್ತಿತ್ತು. ಹೋದ ತಿಂಗಳು ಪ್ರವೇಶ ವಿಭಾಗದ ನನ್ನ ಆರು ಕಂಪ್ಯೂಟರುಗಳನ್ನು ಪ್ಯಾಚಿಲ್ಲದೆಯೇ ಹಟ ಹಿಡಿದು ಇಸಿದುಕೊಂಡೆ. "ಆಮೇಲೆ ಹಾಕಿ" ಎಂದಿದ್ದೆ. ಅವರು ಮೂರು ಸಲ ಬಂದರು. ಮೂರು ಸಲವೂ ಕೆಲಸವಿದೆ ಎಂದು ವಾಪಸು ಕಳಿಸಿದೆ.

ಕಳೆದ ಗುರುವಾರ ಪ್ರವೇಶ ಪರೀಕ್ಷೆಗೆಂದು ಅರವತ್ತು ಹೊಸ ಕಂಪ್ಯೂಟರುಗಳು ಬಂದವು. ಪರೀಕ್ಷೆ ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ. ಇಂದುಶೇಖರರ ಗುತ್ತಿಗೆ ಈ ತಿಂಗಳಿಗೆ ಮುಗಿಯುವುದಿತ್ತು. ಮುಂದುವರಿಸುವುದು ನಿರ್ದೇಶಕಿ ಅಮಿತಾ ಮೇಡಂ ಕೈಯಲ್ಲಿ. ಮಧ್ಯಾಹ್ನ ಒಂದಕ್ಕೆ ಅರವತ್ತೂ ಪ್ಯಾಚು ಕೂರುತ್ತಿರುವಾಗ ಅರ್ಧದಲ್ಲೇ ನಿಂತುಬಿಟ್ಟವು.

"ಪ್ಯಾಚ್ ಛೋಡಿಯೇ ಇಂದುಶೇಖರ್ ಜೀ, ಬಾದ್ ಮೇ ದೇಖೇಂಗೆ" ಎಂದರು ಮೇಡಂ; ಪ್ಯಾಚ್ ಬಿಡಿ, ಆಮೇಲೆ ನೋಡೋಣ ಅಂತ.

"ಮೇಡಂ, ಬಾದ್ ಮೇ ಕಭೀ ನಹೀಂ ಆತಾ" ಎಂದರು ಇಂದುಶೇಖರ. ಆ 'ಆಮೇಲೆ' ಎಂದೂ ಬರುವುದಿಲ್ಲ ಎನ್ನುತ್ತಾ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಆಮೇಲೆ ಮೆಲ್ಲಗೆ ಹೇಳಿದರು: "ಪದ್ಮಾ ಅವ್ರೇ, ತಪ್ಪು ನಂದೇ. ಅರವತ್ತನ್ನೂ ಒಂದೇ ನಲ್ಲಿಗೆ ಸಾಲು ನಿಲ್ಲಿಸ್ಬಿಟ್ಟೆ."

ಪ್ರತಿಯೊಂದು ಯಂತ್ರವೂ ಅದೇ ಪ್ಯಾಚುಗಳನ್ನು ಹೊರಗಿನ ಇಂಟರ್ನೆಟ್ಟಿನಿಂದ ಎಳೆಯುತ್ತಿತ್ತಂತೆ. ಅವರು ಪ್ಯಾಚುಗಳನ್ನೆಲ್ಲ ಒಂದೇ ಸಲ ಆಫೀಸಿನ ಸರ್ವರಿಗೆ ಇಳಿಸಿಕೊಂಡು, ಅಲ್ಲಿಂದಲೇ ತೆಗೆದುಕೊಳ್ಳುವಂತೆ ಸೂಚನೆ ಬದಲಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಐದೂವರೆಗೆ ಅರವತ್ತೂ ಸಿದ್ಧವಾದವು.

ಶುಕ್ರವಾರ ಹತ್ತು ಗಂಟೆಗೆ ಅಭ್ಯರ್ಥಿಯೊಬ್ಬಳ ಫೋಟೊ ಇದ್ದ ಪೆನ್‌ಡ್ರೈವನ್ನು ನನ್ನ ಕಂಪ್ಯೂಟರಿಗೆ ಚುಚ್ಚಿದೆ. ಅದರಲ್ಲಿ ವೈರಸ್ ಇತ್ತು. ಅರ್ಧ ಗಂಟೆಯಲ್ಲಿ ನನ್ನ ಆರೂ ಯಂತ್ರಗಳು ಮಲಗಿದವು. ಪರೀಕ್ಷಾ ಕೊಠಡಿಯೂ ಅದೇ ನೆಟ್‌ವರ್ಕಿನಲ್ಲಿದೆ! ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಕಿಟಕಿಯಲ್ಲಿ ಇಣುಕಿದರೆ ಅರವತ್ತು ಮಕ್ಕಳು ತಲೆಯೆತ್ತದೆ ಉತ್ತರ ಗುರುತಿಸುತ್ತಿದ್ದರು. ಹೋದ ಜೀವ ಬಂದಂತಾಯಿತು. ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟೆ.

"ಇಲ್ಲಿಗೂ ಬಂದಿತ್ತು. ಒಳಗೆ ಬರಕ್ಕಾಗ್ಲಿಲ್ಲ" ಎಂದರು ಇಂದುಶೇಖರ.

ಮಧ್ಯಾಹ್ನ ಅಮಿತಾ ಮೇಡಂ ಇಂದುಶೇಖರರ ಗುತ್ತಿಗೆಗೆ ಇನ್ನೆರಡು ವರ್ಷಕ್ಕೆ ಸಹಿ ಹಾಕಿದರು. ಇಂದುಶೇಖರ ನಗುತ್ತಾ ನೇರ ನನ್ನ ವಿಭಾಗಕ್ಕೇ ಬಂದರು.

"ನಿಮ್ಮ ಆರು ಯಂತ್ರ ಮೊದಲಿಂದ ಮಾಡ್ಬೇಕು. ಸಂಜೆವರೆಗೂ ಆಗುತ್ತೆ."

ನಾನು ಎದ್ದು ಅವರಿಗೆ ಕುರ್ಚಿ ಬಿಟ್ಟುಕೊಟ್ಟೆ. "ಕಾಯ್ತೀನಿ" ಎಂದೆ.