ಜಡೆಯ ಮೇಲೆ ಪೇಟ ಕೂರುವುದಿಲ್ಲವಂತೆ

ಗೆಳೆಯರೇ, ನಮ್ಮ ಕಬಡ್ಡಿ ಸಮಿತಿ ಕೊಟ್ಟ ಮಾತು ಇದು: ವರ್ಷದ ಶ್ರೇಷ್ಠ ಆಟಗಾರರನ್ನು ಆರಿಸುವಾಗ ಗಂಡು ಹೆಣ್ಣೆಂಬ ಭೇದವಿಲ್ಲ, ಆಟವೊಂದನ್ನೇ ನೋಡುತ್ತೇವೆ. ಇಂದು ಬೇಲೂರಿನ ಸಭೆಯಲ್ಲಿ ಆ ಮಾತನ್ನು ಕಾಫಿಯ ಜೊತೆ ನುಂಗಿದರು.

ಗೆಂಡೆಹಳ್ಳಿಯ ಸವಿತಾ ರೈಡಿಗೆ ಇಳಿದರೆ ಎದುರು ತಂಡವೆಲ್ಲ ಹಿಂದಿನ ಗೆರೆಗೆ ಸರಿದು ನಿಲ್ಲುತ್ತದೆ. ಈ ವರ್ಷ ಅವಳಷ್ಟು ಚೆನ್ನಾಗಿ ಯಾರೂ ಆಡಿಲ್ಲ ಎಂದು ಅಧ್ಯಕ್ಷರೇ ಒಪ್ಪಿದರು. ಆದರೂ ಪ್ರಶಸ್ತಿ ಹಗರೆ ಊರಿನ ಒಬ್ಬ ಹುಡುಗನಿಗಂತೆ. ಯಾಕೆ ಸ್ವಾಮಿ ಎಂದು ಕೇಳಿದೆ.

“ಪ್ರಶಸ್ತಿ ಅಂದ್ಮೇಲೆ ಮೈಸೂರು ಪೇಟ ತೊಡಿಸ್ಬೇಕು ಕಣ್ರೀ. ಹೆಣ್ಮಕ್ಳಿಗೆ ಜಡೆ ಐತೆ. ಪೇಟ ಹೆಂಗ್ ಕೂತ್ಕೊಂತದೆ?” ಎಂದರು ಅಧ್ಯಕ್ಷರು.

ಹಿಂದಿನ ಸಾಲಿನಲ್ಲಿದ್ದ ಸವಿತಾ ಎದ್ದು ನಿಂತಳು. “ದಿನಾ ಹುಲ್ಲಿನ ಹೊರೆ ಕೂತ್ಕೊಂತೈತೆ ಅಣ್ಣ. ನಿಮ್ ಪೇಟ ಅದಕ್ಕಿಂತ ಭಾರನಾ?”

ಸಭೆಯೆಲ್ಲ ನಕ್ಕಿತು. ಅಧ್ಯಕ್ಷರು ಮಾತ್ರ “ಕೂತ್ಕಳಮ್ಮ, ಇನ್ನೊಂದ್ಸಲ ಸೇರಿ ನೋಡಾಣ” ಎಂದು ಸಭೆ ಮುಗಿಸಿದರು. ತಲೆ ನೋಡಿ ಪೇಟ ತರುವವರನ್ನು ಕಂಡಿದ್ದೆ, ಪೇಟ ನೋಡಿ ತಲೆ ಆರಿಸುವವರನ್ನು ಇವತ್ತೇ ಕಂಡದ್ದು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲೇ ಮತ್ತೆ ಸಭೆ. ಡೇರಿಗೆ ಹಾಲು ಹಾಕಿ ಎಲ್ಲರೂ ಬನ್ನಿ. ಪೇಟ ಅವರು ತರಲಿ, ತಲೆಯನ್ನು ನಾವು ಕರೆತರುತ್ತೇವೆ.